ಹಿಂದಿನ ಆಸನದ ವಿಚಾರ

ಕಾರಿನ ‘ಒಳಾಂಗಣ’ ಎಂಬ ಮಾತು ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಈಚೆಗೆ ಬಂದದ್ದು. ಅದಕ್ಕೆ ಮೊದಲು ವಾಹನಕ್ಕೆ ಒಳಗು ಎಂಬುದು ಇರಲಿಲ್ಲವೆಂದಲ್ಲ. ಇದ್ದಿತು, ಆದರೆ ಅದನ್ನು ಮಾಡಿಕೊಡುವವರು ಮನೆಯವರೇ ಆಗಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಹೂಡುವಾಗ ಬಡಗಿಯ ಕೆಲಸ ಗಾಲಿ, ಅಚ್ಚು, ನೊಗಗಳಿಗೆ ಮುಗಿಯುತ್ತಿತ್ತು. ತಳಕ್ಕೆ ದಪ್ಪಗೆ ಹುಲ್ಲು ಹಾಸುವುದು, ಅದರ ಮೇಲೆ ಜಮಖಾನ, ಜಮಖಾನದ ಮೇಲೆ ಎರಡು ಮಡಿಕೆ ಕೌದಿ, ಬೆನ್ನಿಗೆ ಲೋಡು, ಮುದುಕರು ಹತ್ತಲು ಕೆಳಗೊಂದು ಮಣೆ, ಇವೆಲ್ಲ ಹೆಣ್ಣುಮಕ್ಕಳ ಏರ್ಪಾಟು. ಬಂಡಿಯೊಳಗೆ ಯಾರು ಕೂಡ್ರುವರು, ಅವರ ವಯಸ್ಸೆಷ್ಟು, ಯಾರಿಗೆ ಯಾವ ನೋವು ಎಂಬುದನ್ನು ತಿಳಿದವರೇ ಆ ಹಾಸುಗೆಯನ್ನು ಹಾಸುತ್ತಿದ್ದರು. ದಾರಿ ಕೆಟ್ಟದ್ದಾಗಿತ್ತು, ವೇಗವಂತೂ ಇರಲೇ ಇಲ್ಲ. ಆದರೂ ಒಳಗಿನ ವ್ಯವಸ್ಥೆ ಒಳಗಿದ್ದವರಿಗಾಗಿಯೇ ಆಗಿತ್ತು.

ಈಗ ಆ ಕೆಲಸವನ್ನು ತಯಾರಕರು ವಹಿಸಿಕೊಂಡಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು, ಒಬ್ಬ ನರಗುಂದದಲ್ಲಿ ಅಂಗಡಿ ಇಟ್ಟವನು, ಮತ್ತೊಬ್ಬ ರೋಣದಲ್ಲಿಯೇ ಶಿಕ್ಷಕನಾಗಿರುವವನು, ಕಳೆದ ತಿಂಗಳು ಒಬ್ಬರಾದ ಮೇಲೊಬ್ಬರು ಬಂದು ‘ಸರ, ಕರೆಂಟಿನ ಕಾರು ತೊಗೋಬೇಕಂತೇನಿ, ನೀವೇನಂತೀರಿ?’ ಎಂದು ಕೇಳಿದರು. ನಾಲ್ಕು ದಶಕ ವಿಜ್ಞಾನ ಕಲಿಸಿದವನಿಗೆ ಎಲ್ಲವೂ ತಿಳಿದಿರುತ್ತದೆಂಬ ಭ್ರಮೆ ನಮ್ಮೂರಿನಲ್ಲಿ ಇನ್ನೂ ಉಳಿದಿದೆ. ಬ್ಯಾಟರಿಯ ಆಯುಷ್ಯ, ಸಹಾಯಧನ, ಮರುಮಾರಾಟದ ಬೆಲೆ ಇತ್ಯಾದಿಗಳ ಬಗೆಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಹತ್ತು ಲಕ್ಷದೊಳಗಿನ ವಿದ್ಯುತ್ ಕಾರಿನ ಒಳಗು ಹೇಗಿದೆ, ಅದು ಯಾರಿಗಾಗಿ ಇದೆ ಎಂಬ ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಈ ಕಾರುಗಳ ಯಂತ್ರ ನಮ್ಮ ಸೀಮೆಗೆ ಒಪ್ಪುವಂಥದು, ಒಳಾಂಗಣ ಮಾತ್ರ ಷೋರೂಮಿನಲ್ಲಿ ಮುಂದಿನ ಆಸನದಲ್ಲಿ ಹತ್ತು ನಿಮಿಷ ಕೂಡ್ರುವ ಯುವಕನಿಗಾಗಿ ಸಿದ್ಧವಾದದ್ದು.

ವಿದ್ಯುತ್ ಕಾರು ಎಂಬುದು ಕನ್ನಡನಾಡಿಗೆ ಹೊಸದೇನೂ ಅಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ ‘ರೇವಾ’ ಎಂಬ ಪುಟ್ಟ ಕಾರನ್ನು ಮಾರಾಟಕ್ಕೆ ತಂದಿತು. ಅದೇ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಮುಂದಿನ ಆಸನಗಳ ಕೆಳಗೆ ಸೀಸದ ಬ್ಯಾಟರಿಗಳು, ಹೊರಮೈಗೆ ಪ್ಲಾಸ್ಟಿಕ್ಕಿನ ಫಲಕಗಳು, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಎಂಬುದು ಅದರ ಲೆಕ್ಕ. ಬೆಂಗಳೂರಿನ ಮಲ್ಲೇಶ್ವರದ ಓಣಿಯೊಂದರಲ್ಲಿ ಅದನ್ನು ಮೊದಲ ಸಲ ಕಂಡಾಗ, ಹಿಂದಿನ ಸೀಟಿನ ಆ ಎಡೆಯಲ್ಲಿ ನಮ್ಮ ಮನೆಯ ಮಕ್ಕಳನ್ನು ಕೂಡ್ರಿಸಬಹುದು, ನಮ್ಮ ಮನೆಯ ಹಿರಿಯರನ್ನು ಕೂಡ್ರಿಸಲಾಗದು ಎಂದುಕೊಂಡಿದ್ದೆ. 2010ರಲ್ಲಿ ಮಹೀಂದ್ರಾ ಸಂಸ್ಥೆ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. 2013ರಲ್ಲಿ ‘ಇ2ಒ’ ಬಂದಿತು. ಅದಕ್ಕೆ ಲಿಥಿಯಂ ಬ್ಯಾಟರಿ, ನಾಲ್ವರಿಗೆ ಆಸನ. ಬಾಗಿಲುಗಳು ಮಾತ್ರ ಎರಡೇ. 2016ರಲ್ಲಿ ಅದೇ ಕಾರನ್ನು ಹಿಗ್ಗಿಸಿ, ‘ಪ್ಲಸ್’ ಎಂದು ಹೆಸರಿಟ್ಟು, ನಾಲ್ಕು ಬಾಗಿಲು ಕೊಟ್ಟರು. ಬ್ಯಾಟರಿಯ ವಿಜ್ಞಾನ ಸೀಸದಿಂದ ಲಿಥಿಯಮ್ಮಿಗೆ ಬಂದು ತಲುಪಿದ ಮೇಲೂ ಹಿಂದಿನ ಪ್ರಯಾಣಿಕನಿಗೆ ತನ್ನದೇ ಒಂದು ಬಾಗಿಲು ಸಿಗಲು ಇನ್ನೂ ಮೂರು ವರ್ಷ ಬೇಕಾಯಿತು. 2019ರ ಹೊತ್ತಿಗೆ ಆ ಕಾರೂ ನಿಂತುಹೋಯಿತು.

ಆಮೇಲೆ ಬಂದವುಗಳಲ್ಲಿ ಎರಡನ್ನು ಹೆಸರಿಸಿದರೆ ಸಾಕು. 2022ರ ಸೆಪ್ಟೆಂಬರಿನಲ್ಲಿ ಟಾಟಾ ಟಿಯಾಗೊ ಇವಿ ಬಿಡುಗಡೆಯಾಯಿತು. ಆಗಿನ ಆರಂಭಿಕ ಬೆಲೆ 8.49 ಲಕ್ಷ ರೂಪಾಯಿ. 19.2 ಮತ್ತು 24 ಕಿಲೋವ್ಯಾಟ್-ಅವರ್‌ನ ಎರಡು ಬ್ಯಾಟರಿಗಳು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಮೊದಲನೆಯದಕ್ಕೆ 250, ಎರಡನೆಯದಕ್ಕೆ 315 ಕಿಲೋಮೀಟರ್ ಎಂದು ಘೋಷಿಸಿದರು. ಮೇಲಿನ ದರ್ಜೆಯಲ್ಲಿ ಏಳು ಅಂಗುಲದ ಸ್ಪರ್ಶಪರದೆ, ಹರ್ಮನ್ ಕಂಪನಿಯ ಎಂಟು ಸ್ಪೀಕರು, ಚರ್ಮದಂತೆ ಕಾಣುವ ಹೊದಿಕೆ, ಮಳೆ ಹನಿ ಬಿದ್ದೊಡನೆ ತಾನೇ ಆಡುವ ವೈಪರು, ಮೊಬೈಲಿನಿಂದಲೇ ಎಸಿ ಹಚ್ಚುವ ಸೌಕರ್ಯ. 2023ರಲ್ಲಿ ಎಂಜಿ ಕಾಮೆಟ್ ಬಂದಿತು: ಉದ್ದ ಮೂರು ಮೀಟರಿಗೂ ಕಡಿಮೆ, 17.3 ಕಿಲೋವ್ಯಾಟ್-ಅವರ್ ಬ್ಯಾಟರಿ, ಎರಡು ಬಾಗಿಲು, ಮತ್ತು ಮುಂದಿನವರ ಎದುರಿಗೆ 10.25 ಅಂಗುಲದ ಎರಡು ಪರದೆಗಳು. ಇಷ್ಟು ಬೆಲೆಯ ಪೆಟ್ರೋಲ್ ಕಾರಿನಲ್ಲಿ ಹತ್ತು ವರ್ಷದ ಹಿಂದೆ ಇದರ ಅರ್ಧವೂ ಇರಲಿಲ್ಲವೆಂಬುದನ್ನು ಒಪ್ಪಲೇಬೇಕು. ಸೌಕರ್ಯ ಹೆಚ್ಚಿದೆ; ಅದು ಕಾರಿನ ಯಾವ ಭಾಗದಲ್ಲಿ ಹೆಚ್ಚಿದೆಯೆಂಬುದೇ ನನ್ನ ತಕರಾರು.

ನನ್ನ ಅಕ್ಕನಿಗೆ ಈಗ ಎಪ್ಪತ್ತೆಂಟು. ಗಜೇಂದ್ರಗಡದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಳೆದ ವರ್ಷ ಬೆನ್ನಿನ ಶಸ್ತ್ರಚಿಕಿತ್ಸೆಯಾದಂದಿನಿಂದ ಆಗಾಗ ಹುಬ್ಬಳ್ಳಿಯ ಆಸ್ಪತ್ರೆಗೆ ತೋರಿಸಲು ಹೋಗಬೇಕು. ಅವಳ ಮಗ, ನನ್ನ ಅಳಿಯ, ಮುಖ್ಯವಾಗಿ ಈ ಕಾರಣದಿಂದಲೇ ವಿದ್ಯುತ್ ಕಾರೊಂದನ್ನು ಕೊಂಡ. ಯಾವ ಕಂಪನಿಯದೆಂದು ಬರೆಯುವುದಿಲ್ಲ. ನನಗೆ ಯಾರ ಜಾಹೀರಾತೂ ಬೇಡ, ಯಾರ ಅಪವಾದವೂ ಬೇಡ. ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಹೋಗಿ ಬರುವ ದಾರಿ ಇನ್ನೂರು ಕಿಲೋಮೀಟರನ್ನು ಮೀರುತ್ತದೆ. ಏಪ್ರಿಲಿನಲ್ಲಿ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಹೋಗುವಾಗ ಬೆಳಗಿನ ತಂಪು, ಎಲ್ಲರೂ ಸುಖಿಗಳು. ಹಿಂತಿರುಗುವಾಗ ನಡುಮಧ್ಯಾಹ್ನ. ಹುಬ್ಬಳ್ಳಿಯ ಚಾರ್ಜರಿನ ಮುಂದೆ ನಾಲ್ಕು ವಾಹನ ನಿಂತಿದ್ದವಾದ್ದರಿಂದ ಅರ್ಧಮರ್ಧ ತುಂಬಿಸಿಕೊಂಡು ಹೊರಟೆವು. ಗದಗ ದಾಟಿದ ಮೇಲೆ ಪರದೆಯ ಅಂಕಿ ಇಳಿಯುತ್ತ ಬಂದಂತೆ ಅಳಿಯನ ಮುಖವೂ ಇಳಿಯತೊಡಗಿತು. ನರೇಗಲ್ಲಿನ ಹತ್ತಿರ ಅವನು ಏನೂ ಹೇಳದೆ ಎಸಿಯನ್ನು ಬಂದು ಮಾಡಿದ. ಎರಿ ಹೊಲಗಳ ಮೇಲಿಂದ ಬರುವ ಆ ಹೊತ್ತಿನ ಗಾಳಿಯನ್ನು ಬಲ್ಲವರು ಬಲ್ಲರು. ಕಿಟಕಿ ತೆರೆದರೆ ಬೆಂಕಿ, ಮುಚ್ಚಿದರೆ ಭಟ್ಟಿ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಳು. ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುವಾಗಲೇ ಮನೆ ಸೇರಿದೆವು ನಿಜ. ಇಳಿದವಳಿಗೆ ಮೂರು ದಿನ ಬೆನ್ನೆತ್ತಲಾಗಲಿಲ್ಲ.

‘ಗಾಡಿ ಚಲೋ ಐತಿ ತಮ್ಮಾ, ಸದ್ದಿಲ್ಲ, ಹೊಗಿಲ್ಲ. ಆದ್ರ ಅದು ತನ್ನ ಹೊಟ್ಟಿ ನೋಡಕೊಂತದ, ನನ್ನ ನೋಡಂಗಿಲ್ಲ’ ಎಂದಳು ಅಕ್ಕ. ಶಾಲೆಯ ಮೆಟ್ಟಿಲು ಹತ್ತದವಳು ಈ ಮಾತಿನಲ್ಲಿ ವಿದ್ಯುತ್ ಕಾರಿನ ಮೂಲ ಸಮಸ್ಯೆಯನ್ನೇ ಹೇಳಿದ್ದಳು. ಪೆಟ್ರೋಲ್ ಕಾರಿನಲ್ಲಿ ತಂಪಿಗೆಂದು ಖರ್ಚಾದದ್ದನ್ನು ಮುಂದಿನ ಬಂಕಿನಲ್ಲಿ ಐದು ನಿಮಿಷಕ್ಕೆ ತುಂಬಿಕೊಳ್ಳಬಹುದು. ಇಲ್ಲಿ ದೂರವೂ ಸುಖವೂ ಒಂದೇ ಚೀಲದಿಂದ ಖರ್ಚಾಗತಕ್ಕವು, ಚೀಲವೂ ಚಿಕ್ಕದು.

ಹಾಗೆಂದು ಲೆಕ್ಕ ಮಾಡಿ ನೋಡಿದರೆ ಅಳಿಯನ ಭಯ ಅಷ್ಟು ದೊಡ್ಡದೂ ಅಲ್ಲ. ಚಿಕ್ಕ ಕಾರಿನ ಎಸಿ, ಕಾರು ಕಾದು ಕೆಂಡವಾಗಿರುವಾಗ ಮೊದಲ ಹತ್ತು ನಿಮಿಷ ಹೆಚ್ಚು ಶಕ್ತಿ ಎಳೆದುಕೊಂಡೀತು. ಒಮ್ಮೆ ತಣಿದ ಮೇಲೆ ತಾಸಿಗೆ ಸುಮಾರು ಒಂದು ಯುನಿಟ್ಟಿನ ಲೆಕ್ಕ ಹಿಡಿಯೋಣ. 24 ಯುನಿಟ್ ಹಿಡಿಯುವ ಬ್ಯಾಟರಿಯಿಂದ ಎರಡು ತಾಸಿಗೆ ಎರಡು ಯುನಿಟ್ ಹೋದರೆ ಅದು ಹನ್ನೆರಡನೆಯ ಒಂದು ಭಾಗ. ನೂರು ಕಿಲೋಮೀಟರಿಗೆ ಹನ್ನೆರಡು ಯುನಿಟ್ ಬೇಡುವ ಕಾರಿಗೆ ಇದು ಹದಿನಾರು-ಹದಿನೇಳು ಕಿಲೋಮೀಟರಿನ ದಾರಿಗೆ ಸಮ. ಅಷ್ಟಕ್ಕೆ ಬೆನ್ನು ನೋವಿನ ಮುದುಕಿಯನ್ನು ಬೇಯಿಸುವ ಅಗತ್ಯವಿರಲಿಲ್ಲ. ಆದರೆ ಚಾಲಕನ ಎದುರಿಗಿನ ಪರದೆ ಅವನಿಗೆ ಈ ಸರಳ ಲೆಕ್ಕವನ್ನು ಹೇಳಿತೇ? ಎಸಿ ಇದ್ದರೂ ಊರು ಮುಟ್ಟುತ್ತೀ, ಅಂಜಬೇಡ ಎಂದು ಹೇಳಿತೇ? ಅದು ಹಾಡಿನ ಗಾಯಕನ ಚಿತ್ರವನ್ನು ತೋರಿಸುತ್ತಿತ್ತು. ತಂತ್ರಜ್ಞಾನವೆಂದು ಹಣ ತೆಗೆದುಕೊಂಡ ಮೇಲೆ ಅದು ಕೊಡಬೇಕಾದ ಮೊದಲ ಸುಖ ಈ ಧೈರ್ಯ ಎಂದು ನಾನು ತಿಳಿದಿದ್ದೇನೆ.

ಇದೇ ಎಸಿಯ ವಿಷಯದಲ್ಲಿ ವಿದ್ಯುತ್ ಕಾರಿಗೆ ಇರುವ ಒಂದು ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ಇದರಲ್ಲಿ ತಂಪು ಮಾಡುವ ಯಂತ್ರ ಬ್ಯಾಟರಿಯಿಂದಲೇ ತಿರುಗುವುದರಿಂದ ಕಾರು ನಿಂತಿದ್ದಾಗಲೂ, ಹೊಗೆಯಿಲ್ಲದೆ, ಸದ್ದಿಲ್ಲದೆ ಒಳಗು ತಂಪಾಗಿರುತ್ತದೆ. ಆಸ್ಪತ್ರೆಯ ಹೊರಗೆ ಚೀಟಿಯ ಸರದಿಗಾಗಿ ಕಾಯುವಾಗ ಅಕ್ಕ ಒಂದು ತಾಸು ಆ ತಂಪಿನಲ್ಲಿ ನಿದ್ದೆ ಹೋಗಿದ್ದಳು. ಮನೆಯ ಮುಂದೆ ಚಾರ್ಜಿನಲ್ಲಿರುವಾಗಲೇ, ಹೊರಡುವ ಕಾಲು ತಾಸು ಮೊದಲು ಎಸಿ ಹಚ್ಚಿದರೆ ಆ ಮೊದಲ ಹತ್ತು ನಿಮಿಷದ ಹೆಚ್ಚಿನ ಖರ್ಚು ಮನೆಯ ಮೀಟರಿನ ಮೇಲೆ ಬೀಳುತ್ತದೆ, ಬ್ಯಾಟರಿಯ ಮೇಲಲ್ಲ. ನಮ್ಮಂಥ ಬಿಸಿಲುನಾಡಿಗೆ ಇದಕ್ಕಿಂತ ಮಿಗಿಲಾದ ಸೌಕರ್ಯ ಬೇರೆ ಯಾವುದಿದೆ? ಮಾರುವವರು ಇದನ್ನು ಹೇಳಿಕೊಡುವುದಿಲ್ಲ. ಎಂಟು ಸ್ಪೀಕರಿನ ಹಾಡು ಕೇಳಿಸುತ್ತಾರೆ.

ಇನ್ನು ಮೌನದ ಮಾತು. ಎಂಜಿನ್ನಿನ ನಡುಕವೂ ಗೇರಿನ ಜಗ್ಗಾಟವೂ ಇಲ್ಲದ ಸವಾರಿ ನಿಜಕ್ಕೂ ಸುಖಕರ. ಆದರೆ ಎಂಜಿನ್ನಿನ ಸದ್ದು ಹೋದಾಗ ಅದರ ಮರೆಯಲ್ಲಿದ್ದ ಸದ್ದುಗಳು ಹೊರಬೀಳುತ್ತವೆ: ಟೈರಿನ ಭೋರೆಂಬ ನಾದ, ತಳಕ್ಕೆ ಸಿಡಿಯುವ ಕಡಿ, ಬಾಗಿಲಿನೊಳಗೆಲ್ಲೋ ಸಡಿಲಾದ ಪ್ಲಾಸ್ಟಿಕ್ಕಿನ ಕಟಕಟ. ಎರಿಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು. ಅದರ ಮೇಲೆ ಹಾಸಿದ ಡಾಂಬರು ವರ್ಷ ತುಂಬುವುದರೊಳಗೆ ಅಲೆಯಲೆಯಾಗುತ್ತದೆ. ಬ್ಯಾಟರಿಯ ನೂರಕ್ಕೂ ಮಿಕ್ಕಿದ ಕಿಲೋ ಭಾರವನ್ನು ತಾಳಲು ಸ್ಪ್ರಿಂಗುಗಳನ್ನು ಬಿಗಿಗೊಳಿಸಿದರೆ ಪ್ರತಿ ಅಲೆಯೂ ಹಿಂದಿನವರ ಟೊಂಕಕ್ಕೆ ತಾಗುತ್ತದೆ. ಒಳಾಂಗಣದ ಗುಣಮಟ್ಟವೆಂದರೆ ಡ್ಯಾಶ್‌ಬೋರ್ಡನ್ನು ಬೆರಳಿನಿಂದ ಒತ್ತಿ ನೋಡುವುದೆಂದು ಮೋಟಾರು ವಿಮರ್ಶಕರು ತಿಳಿದಂತಿದೆ. ಹೊಳೆಆಲೂರಿನಿಂದ ರೋಣಕ್ಕೆ ಒಮ್ಮೆ ಹಿಂದೆ ಕೂತು ಬಂದರೆ ಅವರ ಅಂಕಪಟ್ಟಿ ಬೇರೆಯಾದೀತು.

ಮತ್ತೊಂದು ಸಂಗತಿ ಚಾಲಕರಿಗೆ ಗೊತ್ತಾಗುವುದೇ ಇಲ್ಲ. ವಿದ್ಯುತ್ ಕಾರಿನಲ್ಲಿ ಕಾಲನ್ನು ಎತ್ತಿದೊಡನೆ ಮೋಟಾರು ಜನರೇಟರಾಗಿ ತಿರುಗಿ ವೇಗವನ್ನು ಮರಳಿ ವಿದ್ಯುತ್ತಾಗಿಸುತ್ತದೆ. ಶಕ್ತಿಯ ನಿತ್ಯತೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಪಾಠ ಮಾಡುವಾಗ ಸಿಕ್ಕಿರಲಿಲ್ಲ! ಆದರೆ ಅದನ್ನು ಜೋರಾಗಿಟ್ಟು ಓಡಿಸಿದರೆ ಕಾಲೆತ್ತಿದಾಗಲೆಲ್ಲ ಕಾರು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಚಾಲಕನ ದೇಹಕ್ಕೆ ಅದು ಮೊದಲೇ ತಿಳಿದಿರುತ್ತದೆ. ಹಿಂದೆ ಕೂತ ಮಕ್ಕಳಿಗೂ ಮುದುಕರಿಗೂ ತಿಳಿಯದು, ಅವರಿಗೆ ಹೊಟ್ಟೆ ತೊಳಸುತ್ತದೆ. ಟಿಯಾಗೊದಂಥ ಕಾರುಗಳಲ್ಲಿ ಇದನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಯಿದೆ. ಮನೆಮಂದಿ ಕೂತಾಗ ಕಡಿಮೆ ಇಡಬೇಕೆಂಬುದನ್ನು ಅಳಿಯನಿಗೆ ನಾನು ಹೇಳಬೇಕಾಯಿತು. ‘ಹಂಗಾದ್ರ ಚಾರ್ಜ್ ಕಮ್ಮಿ ಬರ್ತೈತಲ್ಲ ಮಾಮಾ’ ಎಂದ. ಮತ್ತೆ ಅದೇ ಚೀಲದ ಚಿಂತೆ.

ಹತ್ತುವ ಇಳಿಯುವ ಮಾತಿಗೆ ಬರೋಣ, ಏಕೆಂದರೆ ನನ್ನ ವಯಸ್ಸಿನವರಿಗೆ ಅದೇ ಮುಖ್ಯ. ಪೆಟ್ರೋಲ್ ಕಾರಿನ ಚೌಕಟ್ಟಿನಲ್ಲಿಯೇ ಬ್ಯಾಟರಿಯನ್ನು ತುರುಕಿದಾಗ ಎಲ್ಲಿಯಾದರೂ ಒಂದು ಕಡೆ ಜಾಗ ಕಡಿಮೆಯಾಗಲೇಬೇಕು. ತಳ ಎತ್ತರವಾದರೆ ಹಿಂದೆ ಕೂತವರ ಮೊಣಕಾಲು ಎದೆಯ ಕಡೆಗೆ ಬರುತ್ತದೆ, ತೊಡೆಗೆ ಆಸರೆ ತಪ್ಪುತ್ತದೆ. ನಿಮಿಷದ ಮಟ್ಟಿಗೆ ಇದು ಗೊತ್ತಾಗದು, ಎರಡು ತಾಸಿಗೆ ಗೊತ್ತಾಗುತ್ತದೆ. ಹಿಂದೆ ಚಾಚಿಕೊಂಡ ಚಾವಣಿಯ ಇಳಿಜಾರಿಗೆ ತಲೆ ತಾಗದಂತೆ ಬಗ್ಗಬೇಕು. ಬೆನ್ನು ಶಸ್ತ್ರಚಿಕಿತ್ಸೆಯಾದವರಿಗೆ ಬಗ್ಗಬೇಡಿ ಎಂದೇ ವೈದ್ಯರು ಹೇಳಿರುತ್ತಾರೆ. ಅಳಿಯನ ಕಾರಿನಲ್ಲಿ ಹಿಂದಿನ ಬಾಗಿಲ ಮೇಲೆ ಹಿಡಿದುಕೊಳ್ಳಲು ಒಂದು ಹಿಡಿಕೆಯೂ ಇಲ್ಲ. ನೂರಿನ್ನೂರು ರೂಪಾಯಿಯ ಪ್ಲಾಸ್ಟಿಕ್ ವಸ್ತು! ಹಿಂದಿನವರಿಗೆ ಎಸಿಯ ಕಿಂಡಿಯೂ ಈ ದರ್ಜೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನವರಿಗೆ ಚಳಿಯಾದ ಮೇಲೆ ಹಿಂದಿನವರಿಗೆ ತಂಪು ತಲುಪುತ್ತದೆ. ಎರಡು ಬಾಗಿಲಿನ ಕಾರಂತೂ ಮುಂದಿನ ಆಸನ ಮಡಚಿ, ಮೈ ಮುರಿದು ಒಳಸೇರಬೇಕಾದದ್ದು. ಬೆಂಗಳೂರಿನಲ್ಲಿ ಒಬ್ಬರೇ ಕಚೇರಿಗೆ ಹೋಗುವವರಿಗೆ ಅದು ಯೋಗ್ಯವೇ ಇದ್ದೀತು. ಒಂಬತ್ತು ಗಜದ ಇಳಕಲ್ಲ ಸೀರೆ ಉಟ್ಟ ಮುದುಕಿಗೆ ಅದು ಅಪಹಾಸ್ಯ.

ಪರದೆಯ ಬಗೆಗೆ ಅಳಿಯನಿಗೂ ನನಗೂ ವಾದವೇ ಆಯಿತು. ‘ಮಾಮಾ, ನಿಮಗ ಬ್ಯಾಡಾದ್ರ ನನಗೂ ಬ್ಯಾಡೇನು? ಹಿಂದಕ್ಕ ತೊಗೊಳ್ಳುವಾಗ ಓಣ್ಯಾಗಿನ ಸಣ್ಣ ಹುಡುಗರು ಕಾಣ್ತಾರ, ಅದೇನು ಷೋಕಿ ಅಲ್ಲ’ ಎಂದ. ಆ ಮಾತು ನಿಜ, ಕ್ಯಾಮೆರಾ ಇರತಕ್ಕದ್ದೇ. ದಾರಿಯ ನಕ್ಷೆಯೂ ಉಪಯುಕ್ತವೇ. ಆದರೆ ಪರದೆ ದೊಡ್ಡದಾದಂತೆಲ್ಲ ಗುಂಡಿಗಳು ಮಾಯವಾಗುತ್ತ ಬಂದಿರುವುದು ಕಾರಿನ ಪ್ರಪಂಚದ ಈಚಿನ ರೂಢಿ. ಟಿಯಾಗೊ ಇವಿಯ ಏಳು ಅಂಗುಲವೇ 2025ರಲ್ಲಿ 10.25 ಅಂಗುಲಕ್ಕೆ ಏರಿತು. ಗುಂಡಿಯನ್ನು ಕಣ್ಣು ತೆಗೆಯದೆ ಬೆರಳಿನಿಂದಲೇ ಗುರುತಿಸಬಹುದು, ಗಾಜಿನ ಮೇಲಿನ ಚಿತ್ರವನ್ನು ನೋಡಿಯೇ ಒತ್ತಬೇಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ದೀಪವಿಲ್ಲದೆ ಬರುವ ನಮ್ಮ ರಸ್ತೆಗಳಲ್ಲಿ ಎರಡು ಕ್ಷಣ ಕಣ್ಣು ತೆಗೆಯುವುದೆಂದರೇನು? ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್, 2026ರಿಂದ ಪೂರ್ಣ ಅಂಕ ಬೇಕಿದ್ದರೆ ಹಾರನ್ನು, ವೈಪರು, ತಿರುವಿನ ದೀಪ, ಅಪಾಯದ ದೀಪ, ತುರ್ತು ಕರೆ ಇವಕ್ಕೆ ನಿಜವಾದ ಗುಂಡಿಯೋ ಕಡ್ಡಿಯೋ ಇರಬೇಕೆಂದು ನಿಯಮ ಮಾಡಿದೆ. ಶ್ರೀಮಂತ ದೇಶದವರು ಗುಂಡಿಯ ಕಡೆಗೆ ಹಿಂತಿರುಗುತ್ತಿರುವಾಗ ನಾವು ಗಾಜನ್ನು ಪ್ರಗತಿಯೆಂದು ಕೊಳ್ಳುತ್ತಿದ್ದೇವೆ. ಅಳಿಯನ ಕಾರಿನ ಪರದೆಯ ಮೇಲೆ ಒಂದು ಅಕ್ಷರವೂ ಕನ್ನಡದಲ್ಲಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊದಿಕೆಯ ವಿಷಯ. ಚರ್ಮದಂತೆ ಕಾಣುವ ಆ ವಸ್ತುವಿಗೆ ನಮ್ಮಲ್ಲಿ ಮೊದಲಿನಿಂದಲೂ ರೆಕ್ಸಿನ್ ಎಂಬ ಹೆಸರಿದೆ. ಹೆಸರು ಬದಲಿಸಿದ ಮಾತ್ರಕ್ಕೆ ಬಿಸಿಲಿನಲ್ಲಿ ಅದು ಸುಡುವುದು ಬಿಟ್ಟಿಲ್ಲ. ಸಂತೆಯ ದಿನ ಎರಡು ತಾಸು ಬಯಲಲ್ಲಿ ನಿಲ್ಲಿಸಿ ಬಂದು ಕೂತರೆ ಬೆನ್ನು ತೋಯುತ್ತದೆ, ತೊಡೆ ಸುಡುತ್ತದೆ. ಜಯಧರ ಹತ್ತಿಯ ಹೆಸರು ಕೇಳಿದ ನೆಲದಲ್ಲಿ ಕಾರಿನ ಆಸನಕ್ಕೆ ಹತ್ತಿಬಟ್ಟೆ ಸಿಗದಿರುವುದು ಒಂದು ವಿಚಿತ್ರ. ತಿಳಿಬಣ್ಣದ ಒಳಾಂಗಣ ಷೋರೂಮಿನಲ್ಲಿ ವಿಶಾಲವಾಗಿ ಕಾಣುತ್ತದೆ. ಹಿಂಗಾರಿನ ಕಡಲೆ ಹೊಲಕ್ಕೆ ಒಂದು ಸಲ ಹೋಗಿ ಬಂದರೆ ಅದರ ಬಣ್ಣ ಬೇರೆ. ಅಂದಹಾಗೆ, ಬ್ಯಾಟರಿಗೆ ಜಾಗ ಮಾಡಲು ಹಲವು ಅಗ್ಗದ ವಿದ್ಯುತ್ ಕಾರುಗಳಲ್ಲಿ ಸ್ಟೆಪ್ನಿಯನ್ನೇ ತೆಗೆದುಹಾಕಿ ಪಂಕ್ಚರ್ ಕಿಟ್ ಕೊಡುತ್ತಾರೆ. ಜಾಲಿಮುಳ್ಳಿನ ಸೀಮೆಯವರು ಇದನ್ನು ಒಳಾಂಗಣದ ಲೆಕ್ಕಕ್ಕೇ ಹಿಡಿಯಬೇಕು, ಏಕೆಂದರೆ ಗಾಲಿಯ ಗಾಳಿ ಹೋದ ಮೇಲೆ ಎಲ್ಲರೂ ಆ ಒಳಾಂಗಣದಲ್ಲಿಯೇ ಕೂತು ಕಾಯಬೇಕಾಗುತ್ತದೆ.

ಚಾರ್ಜಿಂಗ್ ಹೊತ್ತಿನ ಸುಖವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟಿಯಾಗೊದಂಥ ಕಾರು ವೇಗದ ಚಾರ್ಜರಿನಲ್ಲಿ ಹತ್ತರಿಂದ ಎಂಬತ್ತು ಶೇಕಡಾ ತುಂಬಲು ಹತ್ತಿರ ಹತ್ತಿರ ಒಂದು ತಾಸು ಬೇಡುತ್ತದೆ. ಮನೆಯ 15 ಆಂಪಿಯರಿನ ಪ್ಲಗ್ಗಿನಲ್ಲಾದರೆ ದೊಡ್ಡ ಬ್ಯಾಟರಿಗೆ ರಾತ್ರಿಯಿಡೀ. ಆ ಒಂದು ತಾಸು ಹೆಂಗಸರು, ಮುದುಕರು ಎಲ್ಲಿ ಕೂಡ್ರಬೇಕು? ನಾನು ಕಂಡ ಚಾರ್ಜರುಗಳಲ್ಲಿ ಹೆಚ್ಚಿನವು ಬಯಲಿನಲ್ಲಿ ನೆಟ್ಟ ಪೆಟ್ಟಿಗೆಗಳು. ನೆರಳಿಲ್ಲ, ಬಾಕಿಲ್ಲ, ಶೌಚಾಲಯದ ಮಾತಂತೂ ದೂರ. ಕರ್ನಾಟಕ 2017ರಲ್ಲಿಯೇ, ದೇಶದಲ್ಲಿ ಮೊದಲು, ವಿದ್ಯುತ್ ವಾಹನ ನೀತಿ ಮಾಡಿದ ರಾಜ್ಯ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತವೆ. ವಿದ್ಯುತ್ತು ನಮ್ಮ ತಲೆಯ ಮೇಲೆಯೇ ಹುಟ್ಟುತ್ತದೆ, ಅದನ್ನು ತುಂಬಿಸಿಕೊಳ್ಳಲು ಹುಬ್ಬಳ್ಳಿಯ ಬಿಸಿಲಿನಲ್ಲಿ ನಿಲ್ಲುತ್ತೇವೆ.

ಇಷ್ಟೆಲ್ಲ ಬರೆದ ಮೇಲೂ ಆ ಇಬ್ಬರು ವಿದ್ಯಾರ್ಥಿಗಳಿಗೆ ಬೇಡವೆನ್ನಲಿಲ್ಲ. ರೋಣದವನು ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಓಡಾಡುವವನು, ಮನೆಯ ಮುಂದೆಯೇ ಪ್ಲಗ್ಗು ಇದೆ, ತೊಗೋ ಎಂದೆ. ನರಗುಂದದವನ ತಂದೆಗೆ ಪಾರ್ಶ್ವವಾಯು. ಅವನಿಗೆ ಹೇಳಿದ್ದಿಷ್ಟು: ಷೋರೂಮಿಗೆ ನೀನೊಬ್ಬನೇ ಹೋಗಬೇಡ, ತಂದೆಯನ್ನು ಕರೆದುಕೊಂಡು ಹೋಗು, ಅದೂ ಮಧ್ಯಾಹ್ನದ ಹೊತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರನ್ನೇ ಕೇಳು. ಅವರನ್ನು ಹಿಂದಿನ ಬಾಗಿಲಿನಿಂದ ಹತ್ತಿಸು, ನೀನು ಅವರ ಪಕ್ಕದಲ್ಲಿ ಕೂಡು, ಓಡಿಸುವುದನ್ನು ಮಾರುವವನಿಗೆ ಬಿಡು. ನವಲಗುಂದದ ತನಕ ಹೋಗಿ ಬಾ. ಪರದೆಯನ್ನು ಆರಿಸಲು ಹೇಳು. ತಂದೆ ಇಳಿದು ಏನು ಹೇಳುತ್ತಾರೋ ಅದನ್ನು ಬರೆದುಕೋ, ಆಮೇಲೆ ಬೆಲೆ ಕೇಳು.

ಅವನು ಇನ್ನೂ ಹೋಗಿಲ್ಲ. ಕಡಲೆ ಮಾರಿದ ಮೇಲೆ ಹೋಗುತ್ತೇನೆ ಎಂದಿದ್ದಾನೆ. ನನ್ನ ಅಳಿಯ ಹಿಂದಿನ ಆಸನಕ್ಕೆ ಹಳೆಯ ಕೌದಿಯೊಂದನ್ನು ಮಡಚಿ ಹಾಸಿ, ಡಿಕ್ಕಿಯಲ್ಲಿ ಒಂದು ಮಣೆ ಇಟ್ಟುಕೊಂಡಿದ್ದಾನೆ. ಬಾಗಿಲ ಮೇಲೆ ಹಿಡಿಕೆ ಹಾಕಿಸಲು ಗದಗಿನ ಒಬ್ಬ ಮಿಸ್ತ್ರಿಯನ್ನು ಹುಡುಕಿದ್ದಾನಂತೆ, ಆದರೆ ತೂತು ಕೊರೆದರೆ ವಾರಂಟಿ ಹೋಗುತ್ತದೆಯೋ ಏನೋ ಎಂದು ಇನ್ನೂ ಹಾಕಿಸಿಲ್ಲ.